ಬಿಗಿಹಿಡಿದು ಬಿಡುವ ವಿದ್ಯೆ

ಎರಡು ಇಂಚು ಎತ್ತರದಲ್ಲಿದ್ದ ಗಿನಿಯಿಲಿಗೆ ಪ್ಲೇಗ್ ತಗುಲಿತು. ಎರಡು ಅಡಿ ಎತ್ತರದಲ್ಲಿ ತೂಗುಬಿಟ್ಟಿದ್ದ ಗಿನಿಯಿಲಿಗೆ ತಗುಲಲಿಲ್ಲ. ಸುತ್ತಲಿನ ಗಾಳಿ ಒಂದೇ, ಕೆಳಗಿನ ನೆಲವೂ ಒಂದೇ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಬೊಂಬಾಯಿಯ ಪ್ಲೇಗ್ ಪೀಡಿತ ಮನೆಗಳಲ್ಲಿ, ಸಂಶೋಧನಾ ಆಯೋಗದ ವೈದ್ಯರು ಮಾಡಿದ ಪ್ರಯೋಗ ಇದು. ರೋಗ ಗಾಳಿಯಿಂದ ಹರಡುವುದಾಗಿದ್ದರೆ ಎರಡಕ್ಕೂ ಬರಬೇಕಿತ್ತು. ನೆಲದಲ್ಲಿ ಓಡಾಡುವ ಯಾವುದೋ ಒಂದು ಎರಡು ಇಂಚು ಏರಬಲ್ಲದು, ಎರಡು ಅಡಿ ಏರಲಾರದು ಎಂಬುದು ಅಲ್ಲಿಗೆ ಖಚಿತವಾಯಿತು. ಅದು ಇಲಿಯ ಮೈಮೇಲಿನ ಚಿಗಟ. ಇಲಿಚಿಗಟ ಸುಮಾರು ನಾಲ್ಕು ಇಂಚು ನೆಗೆಯುತ್ತದೆ ಎಂದು ಅವರು ಅಳೆದು ಬರೆದಿಟ್ಟರು.

ಅದಕ್ಕೂ ಮೊದಲೇ, 1898ರಲ್ಲಿ, ಕರಾಚಿಯಲ್ಲಿ ಪಾಲ್ ಲೂಯಿ ಸಿಮಾನ್ ಎಂಬ ಫ್ರೆಂಚ್ ವೈದ್ಯ ಇದೇ ಮಾತನ್ನು ಹೇಳಿದ್ದರು. ಗಾಜಿನ ಜಾಡಿಯಲ್ಲಿ ರೋಗದ ಇಲಿ, ಆರೋಗ್ಯದ ಇಲಿ ಎರಡನ್ನೂ ಇಟ್ಟು ನಡುವೆ ಜಾಲರಿ ಹಾಕಿದ್ದರು. ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ, ಚಿಗಟಗಳು ಮಾತ್ರ ದಾಟಬಲ್ಲವಾಗಿದ್ದವು. ಆರೋಗ್ಯದ ಇಲಿಯೂ ಸತ್ತಿತು. ಆಗ ಅವರ ಮಾತನ್ನು ನಂಬಿದವರು ಕಡಿಮೆ. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆ ಬೀದಿಗಳಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಎದ್ದವು. ಒಂದು ಹುಳುವಿನ ನೆಗೆತ ಊರಿನ ನಕ್ಷೆಯನ್ನೇ ಬದಲಿಸಿದ ಪ್ರಸಂಗ ಇದು. ಆದರೂ ಆ ನೆಗೆತ ಹೇಗೆ ಸಾಧ್ಯ ಎಂದು ಭೌತವಿಜ್ಞಾನದ ಕಣ್ಣಿನಿಂದ ನೋಡಲು ಇನ್ನೂ ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ನಾಲ್ಕು ಇಂಚು ಎಂದರೆ ಹತ್ತು ಸೆಂಟಿಮೀಟರ್. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಅಷ್ಟು ಏರಲು ನೆಲ ಬಿಡುವ ಕ್ಷಣದಲ್ಲಿ ಸೆಕೆಂಡಿಗೆ 1.4 ಮೀಟರ್ ವೇಗ ಇದ್ದರೆ ಸಾಕು. ನಾವು ಬಿರುಸಾಗಿ ನಡೆಯುವ ವೇಗ ಅಷ್ಟೇ. ಅಂದರೆ ಚಿಗಟದ ವೇಗದಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ. ಆ ವೇಗವನ್ನು ಅದು ಎಷ್ಟು ಜಾಗದಲ್ಲಿ, ಎಷ್ಟು ಹೊತ್ತಿನಲ್ಲಿ ಗಳಿಸಿತು ಎಂದು ಕೇಳಿದಾಗ ಬೆರಗು ಶುರುವಾಗುತ್ತದೆ.

ಅಲ್ಲಿಗೆ ಹೋಗುವ ಮೊದಲು, ಮಕ್ಕಳ ಪುಸ್ತಕಗಳಲ್ಲಿ ಇವತ್ತಿಗೂ ಅಚ್ಚಾಗುವ ಒಂದು ಮಾತನ್ನು ತೆಗೆದುಹಾಕಬೇಕು. ಚಿಗಟ ತನ್ನ ಮೈಯುದ್ದದ ನೂರು ಪಟ್ಟು ನೆಗೆಯುತ್ತದೆ, ಹಾಗಾಗಿ ಅದು ಮನುಷ್ಯನಷ್ಟು ದೊಡ್ಡದಾಗಿದ್ದರೆ ಬಹುಮಹಡಿ ಕಟ್ಟಡವನ್ನೇ ಹಾರಿಬಿಡುತ್ತಿತ್ತು ಎಂಬ ಮಾತು. ಇದು ತಪ್ಪು. ತಪ್ಪೆಂದು ತೋರಿಸುವ ತರ್ಕ ಹದಿನೇಳನೆಯ ಶತಮಾನದಷ್ಟು ಹಳೆಯದು. ಇಟಲಿಯ ಜೋವಾನ್ನಿ ಬೊರೆಲ್ಲಿ ಪ್ರಾಣಿಗಳ ಚಲನೆಯ ಬಗ್ಗೆ ಬರೆದ ಗ್ರಂಥ ಅವರು ತೀರಿಕೊಂಡ ಮೇಲೆ, 1680-81ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ಮೈಕಟ್ಟಿನ ಪ್ರಾಣಿಗಳು ಚಿಕ್ಕವಿರಲಿ ದೊಡ್ಡವಿರಲಿ, ನೆಗೆಯುವ ಎತ್ತರ ಹೆಚ್ಚುಕಡಿಮೆ ಒಂದೇ ಇರಬೇಕು ಎಂಬ ವಿಚಾರ ಅದರಲ್ಲಿದೆ.

ಕಾರಣ ಸರಳ. ಸ್ನಾಯು ಒಮ್ಮೆ ಸಂಕುಚಿಸಿದಾಗ ಮಾಡುವ ಕೆಲಸ ಅದರ ತೂಕಕ್ಕೆ ತಕ್ಕಂತೆ ಇರುತ್ತದೆ. ಎತ್ತಬೇಕಾದದ್ದು ಮೈಯ ತೂಕವನ್ನು. ಪ್ರಾಣಿ ಸಾವಿರ ಪಟ್ಟು ಭಾರವಾದರೆ ಸ್ನಾಯುವೂ ಸಾವಿರ ಪಟ್ಟು, ಹೊರೆಯೂ ಸಾವಿರ ಪಟ್ಟು. ಭಾಗಿಸಿದರೆ ಎತ್ತರ ಇದ್ದಷ್ಟೇ ಉಳಿಯುತ್ತದೆ. ಲೋಕವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ನಿಂತಲ್ಲಿಂದ ನೆಗೆಯುವ ಮನುಷ್ಯ ತನ್ನ ಮೈಯ ಭಾರಕೇಂದ್ರವನ್ನು ಸುಮಾರು ಅರ್ಧ ಮೀಟರ್ ಎತ್ತುತ್ತಾನೆ. ಚಿಗಟ ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಏರುತ್ತದೆ. ಮನುಷ್ಯನ ತೂಕ ಅರವತ್ತು ಕಿಲೋ, ಚಿಗಟದ್ದು ಅರ್ಧ ಮಿಲಿಗ್ರಾಂ ಆಸುಪಾಸು. ತೂಕದಲ್ಲಿ ಹನ್ನೆರಡು ಕೋಟಿ ಪಟ್ಟು ಅಂತರವಿದ್ದರೂ ಎತ್ತರದಲ್ಲಿ ಕೆಲವೇ ಪಟ್ಟು. ಚಿಗಟಕ್ಕೆ ಕಡಿಮೆ ಬೀಳುವುದರಲ್ಲಿ ಗಾಳಿಯ ಪಾಲೂ ಇದೆ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಹಾಗಾಗಿ ಗಾಳಿ ಅದನ್ನು ಬೇಗ ತಡೆದು ನಿಲ್ಲಿಸುತ್ತದೆ. ಇಷ್ಟೇ ಆಗಿದ್ದರೆ ಕೀಟಗಳ ನೆಗೆತದ ಬಗ್ಗೆ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಬೊರೆಲ್ಲಿಯ ತರ್ಕ ಶಕ್ತಿಯ ಲೆಕ್ಕವನ್ನು ಮುಗಿಸುತ್ತದೆ, ಸಮಯದ ಲೆಕ್ಕವನ್ನು ಮುಟ್ಟುವುದೇ ಇಲ್ಲ.

ನೆಗೆಯುವ ಪ್ರಾಣಿ ನೆಲವನ್ನು ಒತ್ತಬಲ್ಲದ್ದು ಕಾಲು ನೆಲಕ್ಕೆ ತಾಗಿರುವವರೆಗೆ ಮಾತ್ರ. ಮನುಷ್ಯ ಮಂಡಿ ಮಡಿಚಿ ಎದ್ದು ನೆಗೆಯುವಾಗ ಮೈ ನಲವತ್ತು ಸೆಂಟಿಮೀಟರ್‌ನಷ್ಟು ಏರುತ್ತದೆ. ಅದಕ್ಕೆ ಕಾಲು ಸೆಕೆಂಡಿನಷ್ಟು ಹೊತ್ತು ಸಿಗುತ್ತದೆ. ಸ್ನಾಯುವಿಗೆ ಅದು ಧಾರಾಳ. ಚಿಗಟದ ಕಾಲು ಚಾಚಿಕೊಳ್ಳುವುದು ಮಿಲಿಮೀಟರಿನ ಅರ್ಧದಷ್ಟು. ಸೆಕೆಂಡಿಗೆ ಒಂದು ಮೀಟರ್ ವೇಗವನ್ನು ಆ ದಾರಿಯಲ್ಲೇ ಗಳಿಸಬೇಕೆಂದರೆ ಸಿಗುವ ಹೊತ್ತು ಒಂದು ಮಿಲಿಸೆಕೆಂಡ್, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ನರದಲ್ಲಿ ಒಂದು ಸಂಕೇತ ಹುಟ್ಟಿ ಅಡಗಲಿಕ್ಕೂ ಅಷ್ಟೇ ಹೊತ್ತು ಬೇಕು. ಸ್ನಾಯುವಿಗೆ ‘ಎಳೆ’ ಎಂಬ ಆಜ್ಞೆ ತಲುಪಿ, ಅದು ಪೂರ್ತಿ ಬಲ ಕೂಡಿಸಿಕೊಳ್ಳುವ ಮೊದಲೇ ನೆಗೆತ ಮುಗಿದುಹೋಗಿರುತ್ತದೆ.

ಸ್ನಾಯುವಿಗೆ ಇನ್ನೊಂದು ಮಿತಿಯೂ ಇದೆ. ನಿಧಾನವಾಗಿ ಎಳೆದಾಗ ಅದರ ಬಲ ಹೆಚ್ಚು, ಬೇಗ ಎಳೆದಾಗ ಕಡಿಮೆ. ಭಾರದ ಮೂಟೆಯನ್ನು ಯಾರೂ ಸರಕ್ಕನೆ ಎತ್ತಲಾರರು. ಬ್ರಿಟನ್ನಿನ ಎ. ವಿ. ಹಿಲ್ 1938ರಲ್ಲಿ ಇದನ್ನು ಸಮೀಕರಣವಾಗಿಯೇ ಬರೆದರು. ಎರಡೂ ಮಿತಿ ಸೇರಿ ಒಂದು ಕಿಲೋ ಸ್ನಾಯು ಹೊಮ್ಮಿಸಬಲ್ಲ ಸಾಮರ್ಥ್ಯ ಕೆಲವು ನೂರು ವ್ಯಾಟ್‌ಗೆ ನಿಂತುಬಿಡುತ್ತದೆ. ಚಿಗಟಕ್ಕೆ ಬೇಕಾದದ್ದು ಅದರ ಹಲವು ಪಟ್ಟು.

ದಾರಿ ಒಂದೇ. ಬಾಣವನ್ನು ಕೈಯಿಂದ ಎಸೆದರೆ ಅದು ಹತ್ತು ಮಾರು ಹೋಗಿ ಬೀಳುತ್ತದೆ, ಬಿಲ್ಲಿಗೆ ಹೂಡಿ ಅದೇ ಕೈಯಿಂದ ಎಳೆದು ಬಿಟ್ಟರೆ ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ತೋಳಿನ ಬಲ ಎಳ್ಳಷ್ಟೂ ಹೆಚ್ಚಿರುವುದಿಲ್ಲ. ನಿಧಾನವಾಗಿ ಮಾಡಿದ ಕೆಲಸ ಬಾಗಿದ ಬಿಲ್ಲಿನಲ್ಲಿ ಕೂಡಿಬಿದ್ದು, ಹೆದೆ ಬಿಟ್ಟಾಗ ಒಟ್ಟಿಗೇ ಹೊರಬರುತ್ತದೆ. ನೆಗೆಯುವ ಕೀಟಗಳಲ್ಲಿ ಬಹುಪಾಲು ಈ ವಿದ್ಯೆಯನ್ನು ಬಲ್ಲವು. ನಿಧಾನವಾಗಿ ಎಳೆಯುವ ಸ್ನಾಯು ಬೇಕು, ಬಾಗಿ ಶಕ್ತಿಯನ್ನು ಹಿಡಿದಿಡುವ ಸ್ಪ್ರಿಂಗ್ ಬೇಕು, ಹೊತ್ತು ಬರುವವರೆಗೆ ಎಲ್ಲವನ್ನೂ ಬಿಗಿಹಿಡಿದು ಒಮ್ಮೆಗೇ ಬಿಡುವ ಕೊಂಡಿಯೂ ಬೇಕು. ಜನ ಸಾಮಾನ್ಯವಾಗಿ ಸ್ಪ್ರಿಂಗನ್ನು ಕಂಡು ಬೆರಗಾಗುತ್ತಾರೆ. ನನಗೆ ಕೊಂಡಿಯೇ ಹೆಚ್ಚಿನ ಅಚ್ಚರಿ. ಸ್ಪ್ರಿಂಗು ಎಷ್ಟೇ ಒಳ್ಳೆಯದಿದ್ದರೂ ಕೊಂಡಿ ಮೆಲ್ಲಗೆ ಜಾರಿದರೆ ನೆಗೆತ ಕೆಟ್ಟಂತೆಯೇ.

ಚಿಗಟದ ಸ್ಪ್ರಿಂಗ್ ಏನೆಂದು ತಿಳಿಯಲು ಮಿಡತೆಯ ರೆಕ್ಕೆಯ ನೆರವು ಬೇಕಾಯಿತು. ಡೆನ್ಮಾರ್ಕಿನ ಟೋರ್ಕೆಲ್ ವೈಸ್-ಫೋ ಎಂಬ ಪ್ರಾಣಿವಿಜ್ಞಾನಿ ಮಿಡತೆಯ ರೆಕ್ಕೆಯ ಕೀಲಿನಲ್ಲಿ, ಗಡುಸು ಕವಚದ ನಡುವೆ, ರಬ್ಬರಿನ ಗುಣದ ಮೆತ್ತನೆಯ ವಸ್ತುವೊಂದನ್ನು ಕಂಡು 1960ರಲ್ಲಿ ವರದಿ ಮಾಡಿದರು. ಅದು ಒಂದು ಪ್ರೋಟೀನು. ಅದಕ್ಕೆ ರೆಸಿಲಿನ್ ಎಂದು ಹೆಸರಿಟ್ಟರು. ಅದನ್ನು ಎಳೆಯಲು ಅಥವಾ ಒತ್ತಲು ವ್ಯಯಿಸಿದ ಶಕ್ತಿಯಲ್ಲಿ ನೂರಕ್ಕೆ ಸುಮಾರು 97 ಪಾಲನ್ನು ಅದು ಹಿಂದಿರುಗಿಸುತ್ತದೆ, ಶಾಖವಾಗಿ ಸೋರುವುದು ಮೂರೇ ಪಾಲು. ಚಿಗಟದ ಪೂರ್ವಜರಿಗೆ ರೆಕ್ಕೆ ಇತ್ತು. ಪ್ರಾಣಿಗಳ ಕೂದಲ ನಡುವೆ ಬದುಕಲು ಬಂದ ಮೇಲೆ ರೆಕ್ಕೆ ಹೋಯಿತು. ರೆಕ್ಕೆಯ ಬುಡದಲ್ಲಿ ಇರಬೇಕಾಗಿದ್ದ ರೆಸಿಲಿನ್ ದಿಂಬು ಮಾತ್ರ ಉಳಿದು, ಹಿಂಗಾಲಿನ ಮೇಲೆ ನೆಗೆತದ ಕೆಲಸಕ್ಕೆ ನಿಂತಿತು. 1967ರಲ್ಲಿ ಹೆನ್ರಿ ಬೆನೆಟ್-ಕ್ಲಾರ್ಕ್ ಮತ್ತು ಲೂಸಿ ಮೊಲದ ಚಿಗಟದ ನೆಗೆತವನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ಈ ಲೆಕ್ಕವನ್ನು ಮೊದಲ ಬಾರಿಗೆ ಪೂರ್ತಿ ಮಾಡಿದರು. ನೆಲ ಬಿಡಲು ಹಿಡಿಯುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ, ಮೈಮೇಲೆ ಬೀಳುವ ವೇಗೋತ್ಕರ್ಷ ಗುರುತ್ವದ ನೂರು ಪಟ್ಟಿಗೂ ಹೆಚ್ಚು.

ಆದರೆ ಒಂದು ಪ್ರಶ್ನೆಯ ಮೇಲೆ ಭಿನ್ನಾಭಿಪ್ರಾಯ ಹುಟ್ಟಿ ನಾಲ್ಕು ದಶಕ ಬೆಳೆಯಿತು. ಸ್ಪ್ರಿಂಗಿನ ಬಲ ನೆಲವನ್ನು ಎಲ್ಲಿ ಮುಟ್ಟುತ್ತದೆ? ಮಿರಿಯಮ್ ರಾತ್ಸ್‌ಚೈಲ್ಡ್ ಹೇಳಿದ್ದು, ಕಾಲಿನ ಬುಡದ ಗಂಟೇ ನೆಲಕ್ಕೆ ಬಡಿದು ಮೈಯನ್ನು ಚಿಮ್ಮಿಸುತ್ತದೆ ಎಂದು. ಆಕೆಯ ಮಾತಿಗೆ ತೂಕವಿತ್ತು. ವಿಶ್ವವಿದ್ಯಾಲಯದ ಪದವಿಯಿಲ್ಲದೆ ಲೋಕದ ದೊಡ್ಡ ಚಿಗಟ ತಜ್ಞೆಯಾಗಿ ಬೆಳೆದವರು ಅವರು. ಬೊಂಬಾಯಿಯಲ್ಲಿ ಪ್ಲೇಗ್ ಹರಡಿದ ಆ ಇಲಿಚಿಗಟಕ್ಕೆ 1903ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಅವರ ತಂದೆ ಚಾರ್ಲ್ಸ್, ವೃತ್ತಿಯಲ್ಲಿ ಬ್ಯಾಂಕರ್. ಬೆನೆಟ್-ಕ್ಲಾರ್ಕ್ ಹೇಳಿದ್ದು ಬೇರೆ: ಬಲ ಕಾಲಿನ ತುಂಡುಗಳ ಮೂಲಕ ಇಳಿದು ಬಂದು ಕಣಕಾಲು ಮತ್ತು ಪಾದ ನೆಲವನ್ನು ಒತ್ತುತ್ತವೆ. ಆ ಕಾಲದ ಕ್ಯಾಮೆರಾಗಳಿಗೆ ಇದನ್ನು ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ.

ತೀರ್ಪು ಬಂದದ್ದು 2011ರಲ್ಲಿ. ಕೇಂಬ್ರಿಜ್‌ನ ಗ್ರೆಗರಿ ಸಟನ್ ಮತ್ತು ಮಾಲ್ಕಮ್ ಬರೋಸ್, ಕಾಡುಪ್ರಾಣಿಗಳ ಆಸ್ಪತ್ರೆಯೊಂದಕ್ಕೆ ಬಂದ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಗಳ ಮೈಯಿಂದ ಚಿಗಟ ತಂದು, ಸೆಕೆಂಡಿಗೆ 5,000 ಚಿತ್ರ ತೆಗೆಯುವ ಕ್ಯಾಮೆರಾದ ಮುಂದೆ ಬಿಟ್ಟರು. ಕತ್ತಲಿದ್ದಾಗ ಚಿಗಟಗಳು ಸುಮ್ಮನಿದ್ದವು, ದೀಪ ಹಾಕಿದಾಗ ನೆಗೆದವು. ಹತ್ತು ಚಿಗಟಗಳ 51 ನೆಗೆತ ದಾಖಲಾದವು. ಹತ್ತರಲ್ಲಿ ಒಂದು ನೆಗೆತದಲ್ಲಿ ಕಾಲಬುಡದ ಗಂಟು ನೆಲವನ್ನು ಮುಟ್ಟಿರಲೇ ಇಲ್ಲ, ಆದರೂ ವೇಗ ತಗ್ಗಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನೆಲಕ್ಕೆ ಕಚ್ಚಿಕೊಳ್ಳುವ ಮುಳ್ಳುಗಳು ಕಣಕಾಲು, ಪಾದಗಳಲ್ಲಿದ್ದವು, ಗಂಟಿನಲ್ಲಿರಲಿಲ್ಲ. ಬೆನೆಟ್-ಕ್ಲಾರ್ಕ್ ಹೇಳಿದ್ದೇ ಸರಿಯಾಗಿತ್ತು. ಈ ಚಿಗಟಗಳಲ್ಲಿ ಅತಿ ಚುರುಕಾದದ್ದು ನೆಲ ಬಿಟ್ಟ ವೇಗ ಸೆಕೆಂಡಿಗೆ 1.9 ಮೀಟರ್.

ಮಿಡತೆಯ ಮಂಡಿ

ಚಿಗಟದ ಕೊಂಡಿ ನಮ್ಮ ಕಣ್ಣಿಗೆ ಸಿಗುವಂಥದ್ದಲ್ಲ. ಮಿಡತೆಯದ್ದು ಸಿಗುತ್ತದೆ. ಅದರ ದಪ್ಪ ಹಿಂದೊಡೆಯಲ್ಲಿ ಎರಡು ಸ್ನಾಯುಗಳಿವೆ. ಒಂದು ದೊಡ್ಡದು, ಕಾಲನ್ನು ಚಾಚುವುದು. ಇನ್ನೊಂದು ಬಹಳ ಚಿಕ್ಕದು, ಕಾಲನ್ನು ಮಡಿಚುವುದು. ನೆಗೆಯುವ ಮೊದಲು ಮಿಡತೆ ಕಣಕಾಲನ್ನು ತೊಡೆಗೆ ಒತ್ತಿ ಪೂರ್ತಿ ಮಡಿಚುತ್ತದೆ. ಆಮೇಲೆ ಎರಡೂ ಸ್ನಾಯುಗಳು ಏಕಕಾಲಕ್ಕೆ, ಒಂದರ ವಿರುದ್ಧ ಒಂದು, ಎಳೆಯತೊಡಗುತ್ತವೆ. ದೊಡ್ಡದು ಗೆಲ್ಲಬೇಕಿತ್ತು, ಗೆಲ್ಲುವುದಿಲ್ಲ. ಮಂಡಿಯ ಒಳಗೆ ಒಂದು ಪುಟ್ಟ ಉಬ್ಬು ಇದೆ. ಕಾಲು ಪೂರ್ತಿ ಮಡಿಚಿದಾಗ ಚಿಕ್ಕ ಸ್ನಾಯುವಿನ ಸ್ನಾಯುರಜ್ಜು ಆ ಉಬ್ಬಿನ ಮೇಲೆ ಕೂತು ಕೀಲಿನಿಂದ ದೂರ ಸರಿಯುತ್ತದೆ, ಅದಕ್ಕೆ ಸನ್ನೆಯ ಲಾಭ ಸಿಗುತ್ತದೆ. ಅದೇ ಭಂಗಿಯಲ್ಲಿ ದೊಡ್ಡ ಸ್ನಾಯುವಿನ ಎಳೆತ ಕೀಲಿನ ನಡುವೆಯೇ ಹಾದುಹೋಗುವಷ್ಟು ಹತ್ತಿರ ಬಂದು, ಕಾಲನ್ನು ತಿರುಗಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಹೀಗೆ ಸಣ್ಣದು ದೊಡ್ಡದನ್ನು ಹಿಡಿದು ನಿಲ್ಲಿಸುತ್ತದೆ.

ಸೆಕೆಂಡಿನ ಹತ್ತರಲ್ಲಿ ಮೂರರಿಂದ ಐದು ಪಾಲು ಹೀಗೇ ಕಳೆಯುತ್ತದೆ. ಹೊರಗಿನಿಂದ ನೋಡುವವರಿಗೆ ಮಿಡತೆ ಅಲ್ಲಾಡದೆ ಕೂತಿದೆ. ಒಳಗೆ ದೊಡ್ಡ ಸ್ನಾಯು ಸೋಲದೆ ಎಳೆಯುತ್ತ ಎರಡು ಸ್ಪ್ರಿಂಗುಗಳನ್ನು ಬಗ್ಗಿಸುತ್ತಿದೆ. ಒಂದು ಅದರದೇ ಸ್ನಾಯುರಜ್ಜು. ಇನ್ನೊಂದು ಮಂಡಿಯ ಎರಡೂ ಬದಿಯಲ್ಲಿ ಅರ್ಧಚಂದ್ರದ ಆಕಾರದಲ್ಲಿರುವ ಗಡುಸು ಪಟ್ಟಿ. ಬರಿಗಣ್ಣಿಗೆ ಕಾಣುವ ಈ ಅರ್ಧಚಂದ್ರ ಅಲಂಕಾರವಲ್ಲ, ನೆಗೆತದ ಶಕ್ತಿಯಲ್ಲಿ ಸುಮಾರು ಅರ್ಧ ಅಲ್ಲಿದೆ. ಬೆನೆಟ್-ಕ್ಲಾರ್ಕ್ 1975ರಲ್ಲಿ ಮರುಭೂಮಿ ಮಿಡತೆಯ ಲೆಕ್ಕವನ್ನೂ ಕೊಟ್ಟರು. ಸುಮಾರು ಎರಡು ಗ್ರಾಂ ತೂಗುವ ಮಿಡತೆ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ನೆಲ ಬಿಡಲು 9 ಮಿಲಿಜೌಲ್ ಶಕ್ತಿ ಬೇಕು. ಚಿಕ್ಕ ಸ್ನಾಯು ಸಡಿಲಗೊಂಡರೆ ಸಾಕು, ರಜ್ಜು ಉಬ್ಬಿನಿಂದ ಜಾರುತ್ತದೆ, ಕಾಲು ಚಾಚಿಕೊಳ್ಳುತ್ತದೆ, 25-30 ಮಿಲಿಸೆಕೆಂಡಿನಲ್ಲಿ ಮಿಡತೆ ಗಾಳಿಯಲ್ಲಿರುತ್ತದೆ. ಎಳೆಯುವುದನ್ನು ನಿಲ್ಲಿಸುವುದೇ ಇಲ್ಲಿ ನೆಗೆಯುವ ಆಜ್ಞೆ. ಇಷ್ಟು ಚೆಂದದ ಯಂತ್ರಶಾಸ್ತ್ರ ನಮ್ಮ ಬೇಲಿಸಾಲಿನಲ್ಲೇ ಇರುವಾಗ, ಶಾಲೆಯ ಸನ್ನೆಗೋಲಿನ ಪಾಠಕ್ಕೆ ಮಿಡತೆಯ ಕಾಲನ್ನೂ ಒಂದು ಉದಾಹರಣೆಯಾಗಿ ಸೇರಿಸಬಾರದೇ ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ.

ನೊರೆಯಿಂದ ಎದ್ದ ದಾಖಲೆ

ಮಳೆಗಾಲದ ಗಿಡಗಳ ಕಾಂಡದಲ್ಲಿ ಯಾರೋ ಉಗುಳಿಟ್ಟಂತೆ ಬಿಳಿ ನೊರೆ ಅಂಟಿರುವುದನ್ನು ಅನೇಕರು ನೋಡಿರುತ್ತಾರೆ. ಅದರೊಳಗೆ ರಸ ಹೀರುತ್ತ ಕೂತಿರುವುದು ನೊರೆಹುಳುವಿನ ಮರಿ. ಬೆಳೆದ ಮೇಲೆ ನೊರೆ ಬಿಟ್ಟು ಹೊರಬರುವ ಈ ಹುಳುವಿನ ಯುರೋಪಿನ ಜಾತಿಯೊಂದನ್ನು ಮಾಲ್ಕಮ್ ಬರೋಸ್ ಅಳೆದು 2003ರಲ್ಲಿ ಪ್ರಕಟಿಸಿದಾಗ ಚಿಗಟದ ಕಿರೀಟ ಜಾರಿತು. ಆರು ಮಿಲಿಮೀಟರ್ ಉದ್ದದ, ಹನ್ನೆರಡು ಮಿಲಿಗ್ರಾಂ ತೂಕದ ನೊರೆಹುಳು 70 ಸೆಂಟಿಮೀಟರ್ ಏರುತ್ತದೆ. ಅದರ ಅತ್ಯುತ್ತಮ ನೆಗೆತದಲ್ಲಿ ನೆಲ ಬಿಡುವ ವೇಗ ಸೆಕೆಂಡಿಗೆ 4.7 ಮೀಟರ್. ಇದು ಒಂದು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ, ವೇಗೋತ್ಕರ್ಷ ಗುರುತ್ವದ 400 ಪಟ್ಟನ್ನು ಮೀರುತ್ತದೆ. ಬಾಹ್ಯಾಕಾಶಕ್ಕೆ ಏರುವ ಯಾತ್ರಿಗಳು ಸಹಿಸುವುದು ಮೂರು-ನಾಲ್ಕು ಪಟ್ಟು. ನೊರೆಹುಳುವಿನ ಈ ಅಂಕಿಗಳಿಂದ ಸಾಮರ್ಥ್ಯದ ಲೆಕ್ಕ ಹಾಕಿದರೆ ಮೈತೂಕದ ಕಿಲೋಗೆ 12,000 ವ್ಯಾಟ್ ದಾಟುತ್ತದೆ. ಯಾವ ಸ್ನಾಯುವೂ ನೇರವಾಗಿ ಇದನ್ನು ಕೊಡಲಾರದು.

ಇಲ್ಲಿ ರೆಸಿಲಿನ್ ಕತೆಗೊಂದು ತಿರುವು ಬಂತು. ನೊರೆಹುಳುವಿನ ಎದೆಯ ಇಕ್ಕೆಲಗಳಲ್ಲಿ ಬಿಲ್ಲಿನಾಕಾರದ ಎರಡು ಕಮಾನುಗಳಿವೆ. ರೆಸಿಲಿನ್ ಅಲ್ಲಿಯೂ ಇದೆ. ನೇರಳಾತೀತ ಬೆಳಕು ಬಿಟ್ಟರೆ ಅದು ನೀಲಿಯಾಗಿ ಹೊಳೆಯುತ್ತದೆ, ಗುರುತಿಸಲು ಕಷ್ಟವಿಲ್ಲ. ಆದರೆ ಬರೋಸ್ ಮತ್ತು ಸಂಗಡಿಗರು 2008ರಲ್ಲಿ ಲೆಕ್ಕ ಹಾಕಿದಾಗ, ನೆಗೆತಕ್ಕೆ ಬೇಕಾದ ಶಕ್ತಿಯಲ್ಲಿ ರೆಸಿಲಿನ್ ಹಿಡಿದಿಡಬಲ್ಲದ್ದು ನೂರಕ್ಕೆ ಒಂದೆರಡು ಪಾಲು ಎಂದು ಕಂಡಿತು. ಉಳಿದದ್ದೆಲ್ಲ ಅದರ ಜೊತೆಗಿರುವ ಗಡುಸು ಕವಚದಲ್ಲಿ. ಮೆತ್ತನೆಯ ವಸ್ತುವನ್ನು ಬಗ್ಗಿಸುವುದು ಸುಲಭ, ಆದರೆ ಕಡಿಮೆ ಬಲಕ್ಕೆ ಬಗ್ಗುವ ವಸ್ತುವಿನಲ್ಲಿ ಕೂಡಿಡುವ ಶಕ್ತಿಯೂ ಕಡಿಮೆ. ಗಡುಸು ಕವಚ ಸ್ವಲ್ಪವೇ ಬಗ್ಗಿದರೂ ಬಹಳ ಶಕ್ತಿ ಹಿಡಿಯುತ್ತದೆ, ಆದರೆ ಅದು ಬಿರುಕು ಬಿಡುವ ಅಪಾಯವಿದೆ. ರೆಸಿಲಿನ್ ಆ ಅಪಾಯಕ್ಕೆ ಕಾವಲು. ಬಗ್ಗಿದ ಕಮಾನನ್ನು ಒಡೆಯದಂತೆ ಕಾದು, ಪ್ರತಿ ನೆಗೆತದ ನಂತರ ಮೊದಲಿನ ಆಕಾರಕ್ಕೆ ತರುತ್ತದೆ. ಬಹಳ ದಿನ ನಾಯಕನೆಂದು ತಿಳಿದಿದ್ದ ವಸ್ತು ಪೋಷಕ ಪಾತ್ರಕ್ಕೆ ಸರಿಯಿತು, ಆದರೆ ಅದಿಲ್ಲದೆ ಆಟ ನಡೆಯದು.

ಇಷ್ಟು ಬಲದಿಂದ ಒತ್ತಿದಾಗ ಕಾಲು ಜಾರುವುದಿಲ್ಲವೇ? ಎಲೆಯ ಮೇಲ್ಮೈ ಮೇಣದಂತೆ ನುಣುಪು. 2019ರಲ್ಲಿ ಕೇಂಬ್ರಿಜ್‌ನ ಇನ್ನೊಂದು ತಂಡ ಇದಕ್ಕೆ ಉತ್ತರ ಕೊಟ್ಟಿತು. ನೊರೆಹುಳುವಿನ ಹಿಂಗಾಲಿನ ತುದಿಯಲ್ಲಿ ಚೂಪು ಮುಳ್ಳುಗಳ ಸಾಲಿದೆ. ನೆಗೆಯುವಾಗ ಅವು ಎಲೆಯೊಳಗೆ ಚುಚ್ಚಿಕೊಳ್ಳುತ್ತವೆ. ನೆಗೆದ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೂತುಗಳ ಗುರುತು ಸಿಗುತ್ತದೆ. ಗಾಜಿನ ಮೇಲೆ ಬಿಟ್ಟರೆ ಅದೇ ಹುಳು ಜಾರಿಬೀಳುತ್ತದೆ.

ಎರಡು ಕಾಲಿನ ನಡುವೆ ಗಿಯರು

ಎರಡು ಹಿಂಗಾಲುಗಳೂ ಒಟ್ಟಿಗೇ ಚಾಚಿಕೊಳ್ಳಬೇಕು ಎಂಬುದು ಇನ್ನೊಂದು ತೊಡಕು. ಒಂದು ಕಾಲು ಒಂಚೂರು ಮುಂದಾದರೆ ಶಕ್ತಿಯೆಲ್ಲ ಮೈಯನ್ನು ಗಿರಗಿರನೆ ತಿರುಗಿಸುವುದರಲ್ಲೇ ಕಳೆದುಹೋಗುತ್ತದೆ. ಕಾಲುಗಳು ಮೈಯ ಅಡಿಯಲ್ಲಿ ಅಕ್ಕಪಕ್ಕ ಒಂದೇ ಸಮತಲದಲ್ಲಿ ಚಲಿಸುವ ಜಿಗಿಹುಳುಗಳಿಗೆ ಇದು ದೊಡ್ಡ ಗಂಡಾಂತರ. ನರಮಂಡಲ ಇದನ್ನು ನೋಡಿಕೊಳ್ಳಲಾರದು, ಯಾಕೆಂದರೆ ಒಂದು ನರಸಂಕೇತದ ಅವಧಿಯೇ ಒಂದು ಮಿಲಿಸೆಕೆಂಡ್.

ಬ್ರಿಟನ್ನಿನ ತೋಟಗಳ ಐವಿ ಬಳ್ಳಿಯಲ್ಲಿ ವಾಸಿಸುವ ಇಸ್ಸಸ್ ಎಂಬ ಜಿಗಿಹುಳುವಿನ ಮರಿಯಲ್ಲಿ ಬರೋಸ್ ಮತ್ತು ಸಟನ್ ಕಂಡದ್ದನ್ನು 2013ರ ಸೆಪ್ಟೆಂಬರಿನಲ್ಲಿ ಲೋಕ ನೋಡಿತು. ಎರಡೂ ಹಿಂಗಾಲುಗಳ ಬುಡದಲ್ಲಿ, ಒಂದಕ್ಕೊಂದು ಎದುರಾಗಿ, ಹಲ್ಲುಗಳ ಬಾಗಿದ ಪಟ್ಟಿ. ಒಂದೊಂದರಲ್ಲಿ ಹತ್ತು-ಹನ್ನೆರಡು ಹಲ್ಲು, ಇಡೀ ಪಟ್ಟಿಯ ಉದ್ದ ಮಿಲಿಮೀಟರಿನ ಅರ್ಧಕ್ಕಿಂತ ಕಡಿಮೆ. ನೆಗೆಯುವ ಮುನ್ನ ಹಲ್ಲಿಗೆ ಹಲ್ಲು ಕೂರುತ್ತದೆ. ಒಂದು ಕಾಲು ಹೊರಟರೆ ಇನ್ನೊಂದು ಹೊರಡಲೇಬೇಕು. ಎರಡರ ನಡುವಿನ ವ್ಯತ್ಯಾಸ 30 ಮೈಕ್ರೊಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಲಕ್ಷದಲ್ಲಿ ಮೂರು ಪಾಲು. ಹಲ್ಲಿನ ಬುಡ ಚೂಪಾಗಿ ಕೊರೆದಂತಿಲ್ಲ, ದುಂಡಗೆ ಬಾಗಿದೆ. ಸವೆತ ತಪ್ಪಿಸಲು ಕಾರ್ಖಾನೆಗಳಲ್ಲಿ ಗಿಯರ್ ಕೊರೆಯುವವರೂ ಹೀಗೆಯೇ ಮಾಡುತ್ತಾರೆ.

ಪ್ರಾಯಕ್ಕೆ ಬಂದು ಕೊನೆಯ ಸಲ ಪೊರೆ ಕಳಚಿದಾಗ ಈ ಗಿಯರು ಮಾಯವಾಗುತ್ತದೆ. ದೊಡ್ಡ ಹುಳು ಕಾಲಬುಡಗಳ ತಿಕ್ಕಾಟದಿಂದಲೇ ಹೊಂದಾಣಿಕೆ ಸಾಧಿಸಿ ಮರಿಗಿಂತ ಚೆನ್ನಾಗಿಯೇ ನೆಗೆಯುತ್ತದೆ. ಕಾರಣದ ಬಗ್ಗೆ ಸಂಶೋಧಕರು ಮುಂದಿಟ್ಟ ಒಂದು ಊಹೆ ನನಗೆ ಒಪ್ಪಿಗೆಯಾಗುತ್ತದೆ. ಮರಿಯ ಹಲ್ಲು ಮುರಿದರೆ ಮುಂದಿನ ಪೊರೆಯ ಜೊತೆ ಹೊಸದು ಬರುತ್ತದೆ. ಬೆಳೆದ ಹುಳುವಿಗೆ ಮುಂದಿನ ಪೊರೆ ಎಂಬುದಿಲ್ಲ, ಒಂದು ಹಲ್ಲು ಮುರಿದರೆ ಸಾಯುವವರೆಗೂ ಮುರಿದದ್ದೇ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ರೈತರ ನಿದ್ದೆ ಕೆಡಿಸುವ ಕಂದು ಜಿಗಿಹುಳುವೂ ಇಸ್ಸಸ್‌ನ ಬಳಗಕ್ಕೇ ಸೇರಿದ್ದು. ಪೈರಿನ ಬುಡ ತಟ್ಟಿದಾಗ ನೀರಿಗೆ ಚಿಮ್ಮುವ ಮರಿಗಳನ್ನು ಕಂಡು ಬಯ್ಯುವವರಿಗೆ ಬಯ್ಯುವ ಹಕ್ಕಿದೆ.

ಸ್ಪ್ರಿಂಗ್ ಬೇಡದವರೂ ಇದ್ದಾರೆ

ಕಾಲು ಸಾಕಷ್ಟು ಉದ್ದವಿದ್ದರೆ ನೆಲ ಒತ್ತಲು ಹೊತ್ತು ಸಿಗುತ್ತದೆ, ಆಗ ಕೂಡಿಡುವ ಗೊಡವೆ ಬೇಡ. ಪೊದೆಗಳಲ್ಲಿ ಸಂಜೆ ಕಿರ್ರೆನ್ನುವ ಉದ್ದ ಮೀಸೆಯ ಮಿಡತೆಗಳ ಹಿಂಗಾಲು ಮೈಗಿಂತಲೂ ಉದ್ದ. ಅವು ಸುಮಾರು 30 ಮಿಲಿಸೆಕೆಂಡು ಒತ್ತಿ, ಬಹುಮಟ್ಟಿಗೆ ಸ್ನಾಯುವಿನ ನೇರ ಬಲದಿಂದಲೇ ನೆಗೆಯುತ್ತವೆ. ಕಾಲನ್ನೇ ಬಳಸದವೂ ಉಂಟು. ಬೆನ್ನಡಿಯಾಗಿ ಬಿದ್ದ ಒಂದು ಜಾತಿಯ ಜೀರುಂಡೆ ಎದೆಯ ಅಡಿಯ ಗೂಟವೊಂದನ್ನು ಅಂಚಿಗೆ ಸಿಕ್ಕಿಸಿ, ಮೈಯನ್ನು ಕಮಾನಾಗಿ ಬಾಗಿಸಿ, ಗೂಟ ಜಾರಿದಾಗ ‘ಟಕ್’ ಎಂದು ಮೇಲಕ್ಕೆ ಚಿಮ್ಮುತ್ತದೆ. ಮಧ್ಯ, ದಕ್ಷಿಣ ಅಮೆರಿಕದ ಒಂದು ಇರುವೆ ಬೇಟೆಗೆಂದು ಇರುವ ದವಡೆಯನ್ನೇ ನೆಲಕ್ಕೆ ಬಡಿದು ಹಿಂದಕ್ಕೆ ಹಾರುತ್ತದೆ. 2006ರಲ್ಲಿ ಅಳೆದಾಗ ಆ ದವಡೆ ಮುಚ್ಚುವ ವೇಗ ಸೆಕೆಂಡಿಗೆ 35ರಿಂದ 64 ಮೀಟರ್ ಇತ್ತು. ನಮ್ಮಲ್ಲಿ, ಪಶ್ಚಿಮ ಘಟ್ಟಗಳಲ್ಲೂ ಬೆಂಗಳೂರಿನ ಸುತ್ತಮುತ್ತಲೂ ಕಾಣುವ ದೊಡ್ಡ ಕಣ್ಣಿನ ಜಿಗಿಯುವ ಇರುವೆಯೂ ಉದ್ದ ದವಡೆಯದ್ದೇ. ಥಾಮಸ್ ಜರ್ಡನ್ 1851ರಲ್ಲಿ ವಿವರಿಸಿದ ಈ ಇರುವೆ ಜಿಗಿಯಲು ಬಳಸುವುದು ಮಾತ್ರ ಕಾಲನ್ನು.

ಕೆರೆಯ ನೀರಿನ ಮೇಲೆ ಓಡುವ ಹುಳುವಿನ ಕಷ್ಟ ತಿರುಗುಮುರುಗಾದದ್ದು. ಅದರ ನೆಲ ನೀರಿನ ಮೇಲ್ಪದರ. ಚಿಗಟದಂತೆ ಒಮ್ಮೆಗೇ ಒದ್ದರೆ ಕಾಲು ಒಳಗಿಳಿದು ನೆಗೆತ ನೀರಿನ ಪಾಲಾಗುತ್ತದೆ. ಹಾಗಾಗಿ ಅದು ಉದ್ದ ಕಾಲುಗಳನ್ನು ಒಳಮುಖವಾಗಿ ಬಾಚುತ್ತ, ಮೇಲ್ಮೈ ಎಳೆತ ತಡೆಯಬಲ್ಲ ಗರಿಷ್ಠ ಬಲದ ಅಂಚಿಗೆ ಬಂದು, ಅದನ್ನು ದಾಟದಂತೆ ಒತ್ತುತ್ತ ಹೋಗುತ್ತದೆ. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಇದನ್ನು ಅರಿತು 68 ಮಿಲಿಗ್ರಾಂ ತೂಕದ ಪುಟ್ಟ ರೋಬಾಟ್ ಕಟ್ಟಿದರು. 2015ರಲ್ಲಿ ಅದು ನೀರಿನ ಮೇಲಿಂದ 14 ಸೆಂಟಿಮೀಟರ್ ನೆಗೆಯಿತು.

ನೆಗೆದ ಮೇಲಿನ ಪಾಡೂ ಒಂದಿದೆ. ಚಿಗಟ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಎಲ್ಲಿಗೋ ಹೋಗಿ ಬೀಳುತ್ತದೆ, ಅದಕ್ಕೆ ಅಷ್ಟು ಸಾಕು. ಕೈಮುಗಿದಂತೆ ಮುಂಗಾಲು ಮಡಿಚಿ ಕೂರುವ ಮಾಂಟಿಸ್‌ನ ರೆಕ್ಕೆ ಬಾರದ ಮರಿಗೆ ಸಾಲದು, ಅದು ಗುರಿಯಿಟ್ಟ ಕಡ್ಡಿಯನ್ನೇ ಹಿಡಿಯಬೇಕು. 2015ರಲ್ಲಿ ಬರೋಸ್, ಸಟನ್ ಮತ್ತು ಸಂಗಡಿಗರು ಈ ಮರಿಗಳ ನೂರಾರು ನೆಗೆತಗಳನ್ನು ಚಿತ್ರಿಸಿದರು. ಗಾಳಿಯಲ್ಲಿರುವುದು ಸೆಕೆಂಡಿನ ಹತ್ತನೇ ಒಂದು ಪಾಲಿಗೂ ಕಡಿಮೆ. ಅಷ್ಟರಲ್ಲೇ ಹೊಟ್ಟೆ, ಮುಂಗಾಲು, ಹಿಂಗಾಲುಗಳನ್ನು ಒಂದಾದ ಮೇಲೊಂದು ತಿರುಗಿಸುತ್ತ, ಮೈಯ ಕೋನೀಯ ಸಂವೇಗವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ, ಮೈಯನ್ನು ಬೇಕಾದಷ್ಟೇ ಹೊರಳಿಸಿಕೊಂಡು ಕಡ್ಡಿಯನ್ನು ಕಾಲಿನಿಂದ ಹಿಡಿಯುತ್ತವೆ. ಹೊಟ್ಟೆಯ ಭಾಗಗಳು ಬಾಗದಂತೆ ಅಂಟು ಹಾಕಿದಾಗ ಅವೇ ಮರಿಗಳು ಗುರಿಯನ್ನು ಮುಟ್ಟಿದವು, ಆದರೆ ಸಾಕಷ್ಟು ಹೊರಳಲಾರದೆ ತಲೆ ಬಡಿದುಕೊಂಡವು.

ಇದನ್ನೆಲ್ಲ ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಅನೇಕ ಮೊಬೈಲ್ ಫೋನುಗಳು ನಿಧಾನಗತಿಯಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುತ್ತವೆ, ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ನಾಲ್ಕು ಮಿಲಿಸೆಕೆಂಡಿನ ಅಂತರ. ನೊರೆಹುಳು, ಚಿಗಟಗಳ ಚಿಮ್ಮುವಿಕೆ ಎರಡು ಚಿತ್ರಗಳ ನಡುವಿನ ಸಂದಿಯಲ್ಲೇ ಮುಗಿದುಬಿಡುತ್ತದೆ. ಮಿಡತೆಯದ್ದು ಆರೇಳು ಚಿತ್ರಗಳಲ್ಲಿ ಸಿಗುತ್ತದೆ. ಬಿಸಿಲು ಚೆನ್ನಾಗಿರುವ ಹೊತ್ತು ಆರಿಸಿಕೊಳ್ಳಿ, ಫೋನನ್ನು ಮಿಡತೆಯ ಪಕ್ಕಕ್ಕೆ, ಮಂಡಿಯ ಮಟ್ಟಕ್ಕೆ ಹಿಡಿಯಿರಿ, ಮಕ್ಕಳಿದ್ದರೆ ಹುಲ್ಲುಕಡ್ಡಿಯಿಂದ ಹಿಂದಿನಿಂದ ಮೆಲ್ಲಗೆ ಮುಟ್ಟುವ ಕೆಲಸ ಅವರಿಗೆ ಬಿಡಿ. ಆಮೇಲೆ ನೆಗೆತದ ಚಿತ್ರಗಳನ್ನು ದಾಟಿ ಹಿಂದಕ್ಕೆ ಹೋಗಿ. ಕಣಕಾಲು ತೊಡೆಗೆ ಒತ್ತಿಕೊಂಡು, ಏನೂ ನಡೆಯುತ್ತಿಲ್ಲ ಎಂಬಂತೆ ಕಾಣುವ ನೂರರಷ್ಟು ಚಿತ್ರಗಳು ಅಲ್ಲಿರುತ್ತವೆ. ನೆಗೆತಕ್ಕೆ ಬೇಕಾದ ಕೆಲಸವೆಲ್ಲ ನಡೆದಿರುವುದು ಆ ಚಿತ್ರಗಳಲ್ಲಿ.